ಆಲೂಗಡ್ಡೆ ಬೆಳೆಯುವ ಊರಿಗೇ ಆಲೂಗಡ್ಡೆ ಲೋಡು

ಗೋದಾಮು ನೋಡಿಕೊಳ್ಳುವ ನಮ್ಮಂಥವರಿಗೆ ಒಂದು ತಲೆನೋವು ತಪ್ಪಿದ್ದಲ್ಲ. ಮಾಲು ಚೆನ್ನಾಗಿಯೇ ಇರುತ್ತದೆ, ಡಬ್ಬಿ ನೆಗ್ಗಿರುತ್ತದೆ. ಇಲ್ಲವೇ ಡೇಟ್ ಮುಗಿಯಲು ಮೂರೇ ವಾರ ಉಳಿದಿರುತ್ತದೆ. ಅಂಗಡಿಯವರು ಮುಟ್ಟುವುದಿಲ್ಲ. ಎಸೆಯೋಣ ಅಂದರೆ ಹೊಟ್ಟೆ ಉರಿಯುತ್ತದೆ. ಕೊಡೋಣ ಅಂದರೆ ಯಾರಿಗೆ? ಲಾರಿ ಬಾಡಿಗೆ ಯಾರದು?

ಅಮೆರಿಕದಲ್ಲಿ ಹಸಿದವರಿಗೆ ಆಹಾರ ತಲುಪಿಸುವ 'ಫೀಡಿಂಗ್ ಅಮೆರಿಕ' ಬೆಳೆದದ್ದು ಇದೇ ಪ್ರಶ್ನೆಯ ಸುತ್ತ. ಅದನ್ನು ಎಲ್ಲರೂ ದಾನದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಸಾಗಾಟದ ಕಥೆ.

ಶುರುವಾದದ್ದು 1967ರಲ್ಲಿ, ಅರಿಜೋನಾದ ಫೀನಿಕ್ಸ್‌ನಲ್ಲಿ. ಜಾನ್ ವ್ಯಾನ್ ಹೆಂಗಲ್ ಅಲ್ಲಿ ಬಡವರ ಊಟದ ಮನೆಯೊಂದರಲ್ಲಿ ಸೇವೆ ಮಾಡುತ್ತಿದ್ದರು. ದಿನಸಿ ಅಂಗಡಿಯ ಕಸದಲ್ಲಿ ಹುಡುಕಿ ಮಕ್ಕಳ ಹೊಟ್ಟೆ ಹೊರೆಯುತ್ತಿದ್ದ ತಾಯಿಯೊಬ್ಬಳು ಅವರಿಗೆ ಸಿಕ್ಕಳು. ದುಡ್ಡಿಗೆ ಬ್ಯಾಂಕ್ ಇರುವ ಹಾಗೆ, ಎಸೆಯುವ ಆಹಾರವನ್ನು ಇಟ್ಟು ತೆಗೆಯಲು ಒಂದು ಜಾಗ ಇರಬೇಕು ಅನ್ನುವ ಯೋಚನೆ ಅವಳದ್ದು. ಸೇಂಟ್ ಮೇರಿ ಚರ್ಚ್ ಖಾಲಿ ಬಿದ್ದಿದ್ದ ಕಟ್ಟಡ ಕೊಟ್ಟಿತು. 'ಫುಡ್ ಬ್ಯಾಂಕ್' ಅನ್ನುವ ಮಾತು ಬಂದದ್ದು ಹೀಗೆ.

ಊರೂರಿಗೆ ಹಬ್ಬಲು ಸರ್ಕಾರದ ಅನುದಾನ ನೆರವಾಯಿತು. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ತಿರುವು 1976ರ ತೆರಿಗೆ ಕಾಯ್ದೆ. ಉಳಿದ ಸರಕನ್ನು ಬಡವರಿಗೆ ಕೊಟ್ಟ ಕಂಪನಿಗೆ ಅದು ಹೆಚ್ಚಿನ ವಿನಾಯಿತಿ ಕೊಟ್ಟಿತು. ಎಸೆಯುವುದಕ್ಕಿಂತ ಕೊಡುವುದೇ ಅಗ್ಗವಾದರೆ ಲೆಕ್ಕಪತ್ರದವರೂ ಬೇಡ ಅನ್ನುವುದಿಲ್ಲ, ಅಲ್ವಾ? 1979ರಲ್ಲಿ ಎಲ್ಲವನ್ನೂ ಜೋಡಿಸಿ 'ಸೆಕೆಂಡ್ ಹಾರ್ವೆಸ್ಟ್' ಆಯಿತು. 2008ರಲ್ಲಿ ಈಗಿನ ಹೆಸರು ಬಂತು. ಇವತ್ತು ಇದರ ಕೆಳಗೆ ಸುಮಾರು 200 ಫುಡ್ ಬ್ಯಾಂಕ್‌ಗಳಿವೆ.

ನನಗೆ ಇಷ್ಟವಾಗುವ ಭಾಗ 2005ರದ್ದು.

ಅದಕ್ಕೂ ಮುಂಚೆ ದೊಡ್ಡ ಕಂಪನಿಗಳು ಕೊಟ್ಟ ಲೋಡುಗಳನ್ನು ಸರದಿಯ ಪ್ರಕಾರ ಹಂಚುತ್ತಿದ್ದರು. ನಿಮ್ಮ ಸರದಿ ಬಂದಾಗ ಫೋನ್ ಬರುತ್ತದೆ. ಕೆಲವೇ ಗಂಟೆಗಳಲ್ಲಿ ಹೂಂ ಅಥವಾ ಉಹೂಂ ಅನ್ನಬೇಕು. ಬಾಡಿಗೆ ನಿಮ್ಮದೇ. ಆದರೆ ನಿಮ್ಮ ಗೋದಾಮಿನಲ್ಲಿ ಆಗಲೇ ಏನಿದೆ ಅಂತ ಕೇಂದ್ರ ಕಚೇರಿಗೆ ಗೊತ್ತಿರುತ್ತಿರಲಿಲ್ಲ. ಆಲೂಗಡ್ಡೆಗೇ ಹೆಸರಾದ ಐಡಾಹೊಗೆ ಆಲೂಗಡ್ಡೆ ಕಳಿಸಿದಂಥ ಎಡವಟ್ಟುಗಳಾಗುತ್ತಿದ್ದವು.

ಆಗ ಕ್ಯಾನಿಸ್ ಪ್ರೆಂಡರ್‌ಗಾಸ್ಟ್ ಸೇರಿದಂತೆ ಶಿಕಾಗೊ ವಿಶ್ವವಿದ್ಯಾಲಯದವರು ಹರಾಜಿನ ಸಲಹೆ ಕೊಟ್ಟರು. ಬಡವರ ಅನ್ನಕ್ಕೆ ಹರಾಜಾ ಅಂತ ಕೇಳುವವರು ಅಲ್ಲೂ ಇದ್ದರು. ಮಿಷಿಗನ್‌ನ ಫುಡ್ ಬ್ಯಾಂಕ್ ನಡೆಸುತ್ತಿದ್ದ ಜಾನ್ ಆರ್ನಾಲ್ಡ್, ತಾನು ಸಮಾಜವಾದಿ, ಮಾರುಕಟ್ಟೆಯನ್ನು ನಂಬುವುದಿಲ್ಲ ಅಂತ ಮುಖಕ್ಕೇ ಹೇಳಿದರಂತೆ.

ಆದರೆ ಇಲ್ಲಿ ಓಡುವುದು ದುಡ್ಡಲ್ಲ, 'ಷೇರು' ಅನ್ನುವ ಲೆಕ್ಕದ ನಾಣ್ಯ. ಬಡವರು ಜಾಸ್ತಿ ಇರುವ ಕಡೆಗೆ ಜಾಸ್ತಿ ಷೇರು. ದಿನಕ್ಕೆ ಎರಡು ಸಲ, ನಮ್ಮ ಎಪಿಎಂಸಿ ಟೆಂಡರ್ ಥರ, ಪಕ್ಕದವರ ಬೆಲೆ ಕಾಣದ ಹಾಗೆ ಕೂಗು. ಖರ್ಚಾದ ಷೇರು ಮತ್ತೆ ಎಲ್ಲರಿಗೂ ಹಂಚಿಹೋಗುತ್ತದೆ. ಸಣ್ಣ ಫುಡ್ ಬ್ಯಾಂಕ್‌ಗಳಿಗೆ ಸಾಲವೂ ಉಂಟು.

ಫಲ ನೋಡಿ. ಬೇಗ ಕೆಡುವ ಹಣ್ಣು ತರಕಾರಿ ಬಹಳ ಅಗ್ಗವಾಯಿತು. ಕಡಲೆಕಾಯಿ ಬೆಣ್ಣೆ, ಬೆಳಗಿನ ಸೀರಿಯಲ್‌ನಂಥ ಕೆಡದ ಮಾಲಿಗೆ ಬೆಲೆ ಏರಿತು. ಹತ್ತಿರದ ತೋಟದಿಂದ ತರಕಾರಿ ಸಿಗುವವರು ಷೇರು ಉಳಿಸಿ ಸೀರಿಯಲ್ ಕೊಂಡರು. ಏನೂ ಸಿಗದವರು ಅಗ್ಗದ ತರಕಾರಿಯನ್ನು ರಾಶಿ ರಾಶಿ ಒಯ್ದರು.

ಸೊನ್ನೆಗಿಂತ ಕೆಳಗಿನ ಬೆಲೆಗೂ ಕೂಗಬಹುದು. ಅಂದರೆ ಯಾರಿಗೂ ಬೇಡದ ಲೋಡನ್ನು ಒಯ್ದವರಿಗೇ ಷೇರು ಸಿಗುತ್ತದೆ. ಇಂಥ ಒಂದು ಸಾಲು ನನ್ನ ಗೋದಾಮಿನ ಕಂಪ್ಯೂಟರಿನಲ್ಲೂ ಇದ್ದಿದ್ದರೆ, ಮೂಲೆಯಲ್ಲಿ ಪೇರಿಸಿಟ್ಟ ನೆಗ್ಗಿದ ಡಬ್ಬಿಗಳು ಇಷ್ಟೊತ್ತಿಗೆ ಎಲ್ಲೋ ಒಂದು ಅಡುಗೆಮನೆಯಲ್ಲಿರುತ್ತಿದ್ದವು.