ಮಾತ್ರೆ ಬಿಟ್ಟು ನಾಟಿ ಔಷಧಿ ಮಾಡಲೇ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದವಳು, 38 ವರ್ಷ. ಎರಡು ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ತಗೊಂಡರೆ ಮರುದಿನವೆಲ್ಲ ಓಕರಿಕೆ. ಸಾಗರದ ಕಡೆ ಒಬ್ಬರು ಕೊಡುವ ಪುಡಿಯಿಂದ ಹದಿನೈದು ದಿನದಲ್ಲಿ ನೋವು ಹೋಗುತ್ತದಂತೆ, ಆದರೆ ಇಂಗ್ಲಿಷ್ ಔಷಧಿ ಪೂರ್ತಿ ಬಿಡಬೇಕಂತೆ. ನಮ್ಮ ಅತ್ತೆಯ ತಂಗಿಗೆ ಅದರಿಂದಲೇ ವಾಸಿಯಾಗಿದೆ. ಹೋಗಲೇ?

ಉತ್ತರ: ಮಾತ್ರೆ ಮಾತ್ರ ಬಿಡಬೇಡಿ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ ಇದು. ನೋವು ಕಮ್ಮಿ ಇರುವ ದಿನಗಳಲ್ಲೂ ಒಳಗೆ ಸವೆತ ನಡೆದಿರಬಹುದು. ಒಮ್ಮೆ ಸೊಟ್ಟಗಾದ ಬೆರಳನ್ನು ಯಾವ ಔಷಧಿಯೂ ನೆಟ್ಟಗೆ ಮಾಡುವುದಿಲ್ಲ.

ನನ್ನ ಅಮ್ಮನಿಗೂ ಇದೇ ಇತ್ತು. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೆ ಅಡಿಕೆ ಸುಲಿಯುತ್ತಿದ್ದ ಕೈಗೆ ಬೆಳಿಗ್ಗೆ ಕಾಫಿ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಯಾರೋ ಹೇಳಿದರೆಂದು ಪೊಟ್ಟಣದ ಪುಡಿ ತಂದೆವು. ಮೂರನೇ ದಿನ ಅಮ್ಮ ಎದ್ದು ಅಕ್ಕಿರೊಟ್ಟಿ ತಟ್ಟಿದರು. ಆ ದಿನದ ಸಂತೋಷ ನನಗಿನ್ನೂ ನೆನಪಿದೆ. ಎರಡು ತಿಂಗಳಲ್ಲಿ ಮುಖ ದುಂಡಗೆ ಊದಿತು, ಹಸಿವು ತಡೆಯದಾಯಿತು, ಇಲ್ಲದ ಸಕ್ಕರೆ ಕಾಯಿಲೆ ಬಂತು. ಮುಖ ನೋಡುತ್ತಲೇ ಡಾಕ್ಟರು ಕೇಳಿದ್ದು, ‘ಯಾವ ಪುಡಿ ತಿಂತಿದ್ದೀರಮ್ಮ?’

ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದಾಗ ಕಾಣುವ ಲಕ್ಷಣಗಳು ಇವೇ. ಇಂಥ ಬೆರಕೆ ನಮ್ಮ ದೇಶದಲ್ಲಿ ಹಲವು ಬಾರಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಸ್ಟೀರಾಯ್ಡ್ ಒಂದೆರಡು ದಿನದಲ್ಲೇ ಊತ ಇಳಿಸುತ್ತದೆ. ಮೆಥೋಟ್ರೆಕ್ಸೇಟ್ ಗುಣ ಕಾಣಿಸಲು 6ರಿಂದ 12 ವಾರ ಬೇಕು. ಹಾಗಾಗಿ ‘ಹದಿನೈದೇ ದಿನ’ ಎಂಬ ಮಾತು ಕೇಳಿದರೆ ನನಗೆ ಧೈರ್ಯ ಬರುವುದಿಲ್ಲ, ಭಯವಾಗುತ್ತದೆ. ಇನ್ನೊಂದು ಅಪಾಯವೂ ಇದೆ. ವಾರಗಟ್ಟಲೆ ಅಂಥ ಪುಡಿ ತಿಂದು ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ಅದನ್ನೂ ಡಾಕ್ಟರನ್ನು ಕೇಳಿಯೇ ಇಳಿಸಬೇಕು.

ಚಿಕ್ಕತ್ತೆಗೆ ವಾಸಿಯಾದದ್ದು ಸುಳ್ಳಲ್ಲದಿರಬಹುದು. ಆದರೆ ಅವರಿಗಿದ್ದದ್ದು ಯಾವ ಕಾಯಿಲೆ? 2006ರ ಚಿಕೂನ್‌ಗುನ್ಯಾ ನೆನಪಿದೆಯಲ್ಲ, ಊರಿಗೆ ಊರೇ ಕುಂಟಿತ್ತು. ಆ ಕೀಲುನೋವು ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ತಾನಾಗಿಯೇ ಹೋಯಿತು. ಆಗ ಯಾವ ಕಷಾಯ ಕುಡಿದಿದ್ದರೋ ಅದಕ್ಕೇ ಹೆಸರು ಬಂತು. ಕೀಲುನೋವನ್ನೇ ತರುವ, ನಮ್ಮ ಸಾಗರ ತಾಲ್ಲೂಕಿನದೇ ಹಂದಿಗೋಡು ಕಾಯಿಲೆ ಮೂಳೆಯ ಬೆಳವಣಿಗೆಯ ತೊಂದರೆ, ಅದರ ದಾರಿಯೇ ಬೇರೆ. ನಿಜವಾದ ರುಮಟಾಯ್ಡ್ ಕೂಡ ಏರುತ್ತದೆ, ಇಳಿಯುತ್ತದೆ. ನಾವು ಔಷಧಿ ಹುಡುಕಿಕೊಂಡು ಹೋಗುವುದು ನೋವು ತುತ್ತತುದಿಗೆ ಹೋದಾಗ, ಅಲ್ಲಿಂದ ಅದು ಹೇಗೂ ಸ್ವಲ್ಪ ಇಳಿಯುತ್ತದೆ.

ಗಿಡಮೂಲಿಕೆಯನ್ನು ನಾನು ಹಳಿಯುತ್ತಿಲ್ಲ. ಮರದ ತೊಗಟೆಯ ಕ್ವಿನೈನ್‌ನ ಜಾಡಿನಲ್ಲಿ ಮಲೇರಿಯಾಕ್ಕೆಂದು ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಪರೀಕ್ಷೆಗಳಲ್ಲಿ ಗೆದ್ದು ಇವತ್ತು ಸಂಧಿವಾತಕ್ಕೂ ಬಳಕೆಯಲ್ಲಿದೆ. ಕೊಯಮತ್ತೂರಿನಲ್ಲಿ ಶಾಸ್ತ್ರೀಯ ಆಯುರ್ವೇದವನ್ನು ಮೆಥೋಟ್ರೆಕ್ಸೇಟ್ ಜೊತೆ ಹೋಲಿಸಿದ ಪ್ರಯೋಗದ ವರದಿ 2011ರಲ್ಲಿ ಬಂತು, ಫಲ ಹೆಚ್ಚುಕಮ್ಮಿ ಸಮ. ಆದರೆ ಅದರಲ್ಲಿದ್ದವರು 43 ಮಂದಿ ಮಾತ್ರ, ಅಷ್ಟರಿಂದ ತೀರ್ಪು ಕೊಡಲಾಗದು. ಅಲ್ಲಿ ಕೊಟ್ಟದ್ದು ಏನೆಂದು ಗೊತ್ತಿತ್ತು, ಹೆಸರಿಲ್ಲದ ಪೊಟ್ಟಣವಲ್ಲ ಎಂಬುದನ್ನೂ ಗಮನಿಸಿ. ಹಿತ್ತಿಲ ಅಮೃತಬಳ್ಳಿಯ ವಿಷಯದಲ್ಲೂ ಎಚ್ಚರ ಇರಲಿ: ಅದನ್ನು ಸೇವಿಸಿದ 6 ಮಂದಿಗೆ ಲಿವರ್ ಕೆಟ್ಟದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆದರೂ ಲಿವರ್ ಮೇಲೆ ಮೊದಲೇ ಭಾರ ಹಾಕುವ ಮೆಥೋಟ್ರೆಕ್ಸೇಟ್ ಜೊತೆ ಅದನ್ನು ಸೇರಿಸಲು ನಾನಂತೂ ಹೇಳಲಾರೆ.

ನಿಮ್ಮನ್ನು ಪುಡಿಯ ಕಡೆ ತಳ್ಳುತ್ತಿರುವುದು ಓಕರಿಕೆ ಅಂತ ಕಾಣುತ್ತದೆ. ಅದಕ್ಕೆ ದಾರಿ ಇದೆ. ಫೋಲಿಕ್ ಆಸಿಡ್ ಕೊಡುತ್ತಾರೆ, ಡೋಸ್ ಬದಲಿಸುತ್ತಾರೆ, ಮಾತ್ರೆಯ ಬದಲು ಇಂಜೆಕ್ಷನ್ ಕೊಡುತ್ತಾರೆ, ಅದೂ ಒಗ್ಗದಿದ್ದರೆ ಬೇರೆ ಔಷಧಿಗಳಿವೆ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಇದನ್ನೇ ಮೊದಲು ಹೇಳಿ. ಪುಡಿ ಈಗಾಗಲೇ ತಂದಿದ್ದರೆ ಪೊಟ್ಟಣವನ್ನೂ ಒಯ್ಯಿರಿ. ಬಯ್ಯುತ್ತಾರೆಂದು ನಾವು ಅಮ್ಮನ ಪೊಟ್ಟಣವನ್ನು ಮನೆಯಲ್ಲೇ ಬಚ್ಚಿಟ್ಟು ಹೋಗಿದ್ದೆವು.