ಸದ್ದಿಗಿಂತ ನಿಧಾನವಾದ ಗುಂಡು ಭಾರವಾದದ್ದು ಯಾಕೆ?

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಕಿಟಕಿಗಳು ಅದುರಿದ್ದು ನೆನಪಿದೆ, ಅಲ್ವಾ? ಅದು ಶಬ್ದದ ವೇಗ ಮೀರಿ ಹಾರಿದ ವಾಯುಪಡೆಯ ವಿಮಾನದ ಸದ್ದು. ಮಾಮೂಲಿ ರೈಫಲ್ ಗುಂಡು ಮಾಡುವುದೂ ಇದನ್ನೇ, ಸಣ್ಣ ಪ್ರಮಾಣದಲ್ಲಿ. ಹೋದ ದಾರಿಯುದ್ದಕ್ಕೂ ಛಟೀರ್ ಎನ್ನುತ್ತದೆ. ಆ ಸದ್ದಿನ ಅಲೆಯನ್ನು ವಿಜ್ಞಾನಿಗಳಾದ ಅರ್ನ್ಸ್ಟ್ ಮಾಖ್ ಮತ್ತು ಪೀಟರ್ ಸಾಲ್ಷರ್ 1880ರ ದಶಕದಲ್ಲೇ ಫೋಟೋದಲ್ಲಿ ಹಿಡಿದಿದ್ದರು.

1909ರಲ್ಲಿ ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ ಸೈಲೆನ್ಸರ್‌ಗೆ ಪೇಟೆಂಟ್ ಪಡೆದರು. ಅದು ನಳಿಗೆಯ ಬಾಯಲ್ಲಿ ಸಿಡಿಯುವ ಅನಿಲದ ಸದ್ದನ್ನು ತಗ್ಗಿಸಿತು. ಗಾಳಿಯಲ್ಲಿ ಹೋಗುವ ಗುಂಡಿನ ಛಟೀರನ್ನು ತಗ್ಗಿಸಲು ಅದರಿಂದ ಆಗದು. ಅದಕ್ಕೆ ಗುಂಡೇ ನಿಧಾನವಾಗಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಗುಂಡು ಅದರ ಕೆಳಗಿರಬೇಕು.

ಇಲ್ಲೇ ಇಕ್ಕಟ್ಟು. ಗುಂಡಿನ ಶಕ್ತಿ ಬರುವುದು ತೂಕ ಮತ್ತು ವೇಗದಿಂದ. ವೇಗಕ್ಕೆ ಬೇಲಿ ಬಿದ್ದ ಮೇಲೆ ಉಳಿಯುವುದು ತೂಕವೊಂದೇ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್‌ನ ಡಿ ಲಿಲ್ ಕಾರ್ಬೈನ್ ಎಂಬ ಗಿಡ್ಡ ರೈಫಲ್ ಸುಲಭದ ದಾರಿ ಹಿಡಿಯಿತು. ನಮ್ಮ ಪೊಲೀಸರ ಕೈಯಲ್ಲಿ ಬಹುಕಾಲ ಇದ್ದ ಲೀ-ಎನ್‌ಫೀಲ್ಡ್ ರೈಫಲ್‌ನ ಬೋಲ್ಟ್‌ಗೆ (ಗುಂಡನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) 45 ಕ್ಯಾಲಿಬರ್ ಪಿಸ್ತೂಲಿನ ಗುಂಡು ಹೊಂದಿಸಿದರು. ತೂಕ ಸುಮಾರು 15 ಗ್ರಾಂ, ವೇಗ ಸುಮಾರು 260 ಮೀಟರ್, ಶಕ್ತಿ ಸುಮಾರು 500 ಜೂಲ್. ಆ ಗುಂಡು ಮೊದಲಿಂದಲೂ ನಿಧಾನದ್ದೇ.

ಸೋವಿಯತ್ ಒಕ್ಕೂಟ ಮೊದಲು ಎಕೆ ರೈಫಲ್‌ಗೆ 12.5 ಗ್ರಾಂನ ನಿಧಾನದ ಗುಂಡು ಮಾಡಿತು. ಶಕ್ತಿ ಸುಮಾರು 540 ಜೂಲ್. ಅದೇ ರೈಫಲ್‌ನ 7.9 ಗ್ರಾಂನ ಮಾಮೂಲಿ ಗುಂಡಿಗೆ 2,000 ಜೂಲ್! ಆಮೇಲೆ ಬಂದ 9x39 ಎಂಬ ಗುಂಡು 16 ಗ್ರಾಂ ತೂಗುತ್ತದೆ, ವೇಗ ಸುಮಾರು 290 ಮೀಟರ್. ವಿಂಟೊರೆಜ್ ಮತ್ತು ವಾಲ್ ಬಂದೂಕುಗಳನ್ನು ಮಾಡಿದ್ದೇ ಈ ಗುಂಡಿಗಾಗಿ.

ಅಮೆರಿಕದ ಕಥೆ ಬೇರೆ. ಬಂದೂಕು ವಿನ್ಯಾಸಕ ಜೆ.ಡಿ. ಜೋನ್ಸ್ 1990ರ ದಶಕದಲ್ಲಿ 300 ವಿಸ್ಪರ್ ಎಂಬ ಗುಂಡು ರೂಪಿಸಿದರು. 2011ರಲ್ಲಿ ಅದನ್ನೇ ಹೋಲುವ 300 ಬ್ಲ್ಯಾಕೌಟ್ ಗುಂಡಿಗೆ ಅಧಿಕೃತ ಮಾನದಂಡ ಸಿಕ್ಕಿತು. ಇದನ್ನು ಹಾರಿಸಲು ಎಆರ್-15 ರೈಫಲ್‌ನ ಬೋಲ್ಟ್, ಮ್ಯಾಗಝೀನ್ ಹಾಗೇ ಇರುತ್ತವೆ. ನಳಿಗೆ ಬದಲಿಸಿದರೆ ಸಾಕು. ಇದರ 220 ಗ್ರೇನ್ ಗುಂಡು, ಅಂದರೆ 14.3 ಗ್ರಾಂ, ಸುಮಾರು 308 ಮೀಟರ್ ವೇಗದಲ್ಲಿ ಹೊರಡುತ್ತದೆ.

ಲೆಕ್ಕ ಹಾಕಿದರೆ ರಷ್ಯಾದ್ದೂ ಅಮೆರಿಕದ್ದೂ 675 ಜೂಲ್ ಆಸುಪಾಸಿಗೆ ಬರುತ್ತವೆ. ಹಾಗಂತ ಎರಡೂ ಒಂದೇ ಎನ್ನಲು ನನಗೆ ಮನಸ್ಸಿಲ್ಲ. ಚಳಿ ಹೆಚ್ಚಿದಂತೆ ಶಬ್ದದ ವೇಗ ಇಳಿಯುತ್ತದೆ. ಮೈನಸ್ 40 ಡಿಗ್ರಿಯಲ್ಲಿ ಅದು 306 ಮೀಟರ್ ಮಾತ್ರ. 290 ಮೀಟರಿನ ಗುಂಡು ಅಲ್ಲೂ ಸುಮ್ನೆ ಹೋಗುತ್ತದೆ. 308 ಮೀಟರಿನದು ಆ ಚಳಿಯಲ್ಲೂ ಅದೇ ವೇಗದಲ್ಲಿ ಹೊರಟರೆ ಛಟೀರ್ ಎನ್ನುತ್ತದೆ. ಸೈಬೀರಿಯಾ ಇರುವ ದೇಶಕ್ಕೆ ಇದು ಸಣ್ಣ ವಿಷಯ ಅಲ್ಲ.

ಎರಡಕ್ಕೂ ಇರುವ ಕಷ್ಟ ಗುಂಡು ಕೆಳಗಿಳಿಯುವುದು. 100 ಮೀಟರಿಗೆ ಸುಮಾರು ಅರ್ಧ ಮೀಟರ್, 200ಕ್ಕೆ ಎರಡು ಮೀಟರಿಗೂ ಜಾಸ್ತಿ. 220 ಮೀಟರ್ ದೂರವನ್ನು 200 ಎಂದುಕೊಂಡರೆ ಗುಂಡು ಒಂದು ಗೇಣು ಕೆಳಗೆ ಬೀಳುತ್ತದೆ. ಶಕ್ತಿಯ ಪಟ್ಟಿ ನೋಡಿ ಗುಂಡು ಹೋಲಿಸುವವರು ಇದನ್ನು ಮರೆಯಬಾರದು.

ತೂಕ ಹೆಚ್ಚಿಸಲು ಗುಂಡನ್ನು ಉದ್ದ ಮಾಡಿದರೆ ಇನ್ನೊಂದು ತೊಡಕು. ಉದ್ದನೆಯ ಗುಂಡು ಜೋರಾಗಿ ತಿರುಗದಿದ್ದರೆ ಸೋತ ಬುಗುರಿಯ ಹಾಗೆ ಓಲಾಡುತ್ತದೆ, ಸೈಲೆನ್ಸರ್‌ನ ಒಳಗೋಡೆಗೆ ತಗಲಲೂಬಹುದು. ಅದಕ್ಕೇ 300 ಬ್ಲ್ಯಾಕೌಟ್ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಸಾಮಾನ್ಯವಾಗಿ 7 ಅಥವಾ 8 ಇಂಚಿಗೆ ಒಂದು ಸುತ್ತು. ಈಚಿನ 8.6 ಬ್ಲ್ಯಾಕೌಟ್‌ನಲ್ಲಿ 300 ಗ್ರೇನ್ ಮತ್ತು ಅದಕ್ಕೂ ಭಾರದ ಗುಂಡುಗಳಿವೆ. ಅಲ್ಲಿ 3 ಇಂಚಿಗೇ ಒಂದು ಸುತ್ತು.