ಪ್ಲಗ್ ಕಿತ್ತ ಮೇಲೂ ಒಳಗಿರುವ ಕರೆಂಟು

ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಚಾವಡಿಯಲ್ಲಿ ಇವತ್ತಿಗೂ ಒಂದು ದೊಡ್ಡ ಸ್ಟೀರಿಯೋ ಸೆಟ್ ಕಾಣಸಿಗುತ್ತದೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ರಜೆಗೆ ಬಂದವರು ತಂದದ್ದು. ಎರಡು ಕ್ಯಾಸೆಟ್ ಡೆಕ್ಕು, ಈಕ್ವಲೈಸರಿನ ಸಾಲು ಗುಂಡಿಗಳು, ಅಕ್ಕಪಕ್ಕದಲ್ಲಿ ಮರದ ಪೆಟ್ಟಿಗೆಯ ಸ್ಪೀಕರು. ಮಂಗಳೂರು ಆಕಾಶವಾಣಿಯ ಬೆಳಗಿನ ಭಕ್ತಿಗೀತೆ, ರಾತ್ರಿಯ ಯಕ್ಷಗಾನ, ಕ್ಯಾಸೆಟ್ಟಿನ ತಾಳಮದ್ದಳೆ ಎಲ್ಲವೂ ಅದರಿಂದಲೇ ಮನೆಗೆ ಬಂದವು. ಈಗ ಒಂದು ಬದಿ ಹಾಡುವುದಿಲ್ಲ, ಇಲ್ಲವೇ ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದೆ. ಗುಜರಿಗೆ ಹಾಕಬೇಕಾದ ಕಾಯಿಲೆಗಳಲ್ಲ ಇವು. ಆ ಕಾಲದ ಸೆಟ್ಟುಗಳನ್ನು ಸ್ಕ್ರೂ ಬಿಚ್ಚಿ ತೆರೆಯಬಹುದು, ಬಿಡಿಭಾಗಗಳನ್ನು ಕಣ್ಣಿಂದ ನೋಡಿ ಗುರುತಿಸಬಹುದು, ಒಂದೊಂದಾಗಿ ಬದಲಿಸಬಹುದು. ರಿಪೇರಿ ಕಲಿಯಲು ಇದಕ್ಕಿಂತ ಒಳ್ಳೆಯ ಯಂತ್ರ ಇಲ್ಲ ಎಂದೇ ನನ್ನ ನಂಬಿಕೆ. ಆದರೆ ಮುಚ್ಚಳ ತೆಗೆಯುವ ಮೊದಲು ವಿದ್ಯುತ್ತು ಒಳಗೆ ಎಲ್ಲೆಲ್ಲಿ ಕೂತಿರುತ್ತದೆ ಎಂಬುದು ಗೊತ್ತಿರಲೇಬೇಕು.

ಹೆಚ್ಚಿನವರ ಲೆಕ್ಕ ಸರಳ: ಪ್ಲಗ್ ಕಿತ್ತರೆ ಕರೆಂಟ್ ಹೋಯಿತು. ಅಪಾಯ ಹುಟ್ಟುವುದೇ ಈ ಲೆಕ್ಕದಿಂದ. ಗೋಡೆಯಿಂದ ಬರುವ 230 ವೋಲ್ಟ್ ಎ.ಸಿ.ಯನ್ನು ಸೆಟ್ಟು ಡಿ.ಸಿ.ಗೆ ಪರಿವರ್ತಿಸಿ, ಸದ್ದು ಏರಿದಾಗ ತಡೆಯಿಲ್ಲದೆ ಸಿಗಲೆಂದು ದೊಡ್ಡ ಕೆಪಾಸಿಟರುಗಳಲ್ಲಿ ತುಂಬಿಟ್ಟುಕೊಳ್ಳುತ್ತದೆ. ಪಂಪ್ ನಿಲ್ಲಿಸಿದರೂ ಮಾಳಿಗೆಯ ಟ್ಯಾಂಕಿಯಲ್ಲಿ ನೀರು ಇರುವುದಿಲ್ಲವೇ, ಹಾಗೆಯೇ ಪ್ಲಗ್ ಕಿತ್ತ ಮೇಲೂ ಅವು ತುಂಬಿಯೇ ಇರಬಹುದು. ನಿಧಾನಕ್ಕೆ ಖಾಲಿಯಾಗಲೆಂದು ತಯಾರಕರು ಎಷ್ಟೋ ಸೆಟ್ಟುಗಳಲ್ಲಿ ಅಡ್ಡಲಾಗಿ ಒಂದು ರೆಸಿಸ್ಟರ್ (ವಿದ್ಯುತ್ತಿಗೆ ತಡೆಯೊಡ್ಡುವ ಬಿಡಿಭಾಗ) ಕೊಟ್ಟಿರುತ್ತಾರೆ ನಿಜ. ಆದರೆ ಕೆಟ್ಟ ಸೆಟ್ಟಿನಲ್ಲಿ ಕೆಟ್ಟಿರುವುದು ಆ ರೆಸಿಸ್ಟರೇ ಆಗಿರಬಹುದಲ್ಲ!

ಕೆಪಾಸಿಟರಿನಲ್ಲಿರುವ ಶಕ್ತಿ ಅದರ ಧಾರಣೆಯ (ಎಷ್ಟು ವಿದ್ಯುತ್ತು ಹಿಡಿಯಬಲ್ಲದೆಂಬ ಅಳತೆ, ಫ್ಯಾರಡಿನಲ್ಲಿ) ಅರ್ಧವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದಷ್ಟು. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಆಂಪ್ಲಿಫೈಯರಿನಲ್ಲಿ 10,000 ಮೈಕ್ರೋಫ್ಯಾರಡಿನ ಕೆಪಾಸಿಟರ್ 40 ವೋಲ್ಟಿಗೆ ತುಂಬಿದ್ದರೆ ಅದರಲ್ಲಿ 8 ಜೂಲ್. ಈಗಿನ ಹೋಂ ಥಿಯೇಟರಿನ ಎಸ್‌ಎಂಪಿಎಸ್ಸಿನಲ್ಲಿ (ದೊಡ್ಡ ಟ್ರಾನ್ಸ್‌ಫಾರ್ಮರಿನ ಬದಲು ಬರುವ ಹಗುರವಾದ ವಿದ್ಯುತ್ ಪೂರೈಕೆಯ ಭಾಗ) ಕೆಪಾಸಿಟರ್ ಕೇವಲ 220 ಮೈಕ್ರೋಫ್ಯಾರಡಿನದು, ನೋಡಲು ಬೆರಳಿನಷ್ಟು. ಆದರೆ ಮನೆಯ ವಿದ್ಯುತ್ತನ್ನು ಅಲ್ಲಿ ನೇರವಾಗಿ ಡಿ.ಸಿ. ಮಾಡುವುದರಿಂದ ಆ ಕೆಪಾಸಿಟರ್ 325 ವೋಲ್ಟಿನವರೆಗೆ ತುಂಬಿಕೊಳ್ಳುತ್ತದೆ, ಏಕೆಂದರೆ 230 ವೋಲ್ಟಿನ ಅಲೆಯ ತುದಿ ಇರುವುದು ಅಲ್ಲಿ. ಅದರ ಪಾಲು ಸುಮಾರು 12 ಜೂಲ್. ಗಾತ್ರ ನೋಡಿ ಅಪಾಯ ಅಳೆಯುವಂತಿಲ್ಲ. ಮೊದಲನೆಯದು ಉಂಗುರಕ್ಕೆ ತಗುಲಿದರೆ ಕಿಡಿ ಹಾರಿಸಿ ಬೆರಳು ಸುಡುತ್ತದೆ. ಎರಡನೆಯದು ಜೀವಕ್ಕೇ ಕುತ್ತು ತರಬಲ್ಲದು.

ಹಂಪನಕಟ್ಟೆಯ ಓಣಿಯೊಂದರಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಹಿರಿಯರೊಬ್ಬರು ಕೆಪಾಸಿಟರನ್ನು ಖಾಲಿ ಮಾಡುವ ರೀತಿಯನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಬಿಳಿ ಇಟ್ಟಿಗೆಯಂತಿರುವ 10 ವಾಟಿನ, ಒಂದು ಕಿಲೋ ಓಮಿನ ಸಿಮೆಂಟ್ ರೆಸಿಸ್ಟರು. ಅದರ ಎರಡೂ ಕಾಲಿಗೆ ದಪ್ಪ ಪ್ಲಾಸ್ಟಿಕ್ ಹೊದಿಕೆಯ ವಯರು ಬೆಸೆದು, ಬರಿ ಲೋಹ ಎಲ್ಲೂ ಕಾಣದ ಹಾಗೆ ಸ್ಲೀವ್ ಹಾಕಿಟ್ಟಿದ್ದಾರೆ. ಕೈಯ ಉಂಗುರ, ಗಡಿಯಾರ ಬಿಚ್ಚಿ ಡ್ರಾಯರಿಗೆ ಹಾಕಿದರು. ಮೊದಲು ನೆಗೆಟಿವ್ ಕಡೆಗೆ ಕ್ಲಿಪ್ಪು. ಆಮೇಲೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಿಂದ ಇನ್ನೊಂದು ತುದಿಯನ್ನು ಪಾಸಿಟಿವ್ ಕಾಲಿಗೆ ತಾಗಿಸಿ ಹಿಡಿದರು. ಸ್ವಲ್ಪ ಹೊತ್ತು ಬಿಟ್ಟು ಮಲ್ಟಿಮೀಟರಿನಲ್ಲಿ ನೋಡಿದರು, ಸೊನ್ನೆ. ಆದರೂ ಕೈ ಹಾಕಲಿಲ್ಲ. ಒಂದೆರಡು ನಿಮಿಷದ ಮೇಲೆ ಮತ್ತೆ ನೋಡಿದರೆ ಮೀಟರಿನಲ್ಲಿ ಒಂದೂವರೆ ವೋಲ್ಟು ಎದ್ದು ಬಂದಿತ್ತು. “ಕರೆಂಟ್ ಹೋಯ್ತು ಅಂತ ನಾವು ಹೇಳುದಲ್ಲ ಮಾರಾಯ್ರೆ, ಮೀಟರ್ ಹೇಳ್ಬೇಕು” ಎಂದರು.

ಆ ಒಂದೂವರೆ ವೋಲ್ಟು ಎಲ್ಲಿಂದ ಬಂತು? ಕೆಪಾಸಿಟರಿನ ಎರಡು ಹಾಳೆಗಳ ನಡುವಿನ ನಿರೋಧಕ ಪದರ ತಾನೂ ಒಂದಿಷ್ಟು ವಿದ್ಯುತ್ತನ್ನು ಹೀರಿಕೊಂಡಿರುತ್ತದೆ. ಹಾಳೆಗಳು ಖಾಲಿಯಾದ ಮೇಲೆ ಅದು ಮೆಲ್ಲಗೆ ಹೊರಗೆ ಬರುತ್ತದೆ. ಹೆಚ್ಚು ವೋಲ್ಟಿನ ಕೆಪಾಸಿಟರಿನಲ್ಲಿ ಇದೂ ಕೈ ಜಗ್ಗುವಷ್ಟು ಇರಬಹುದು. ಖಾಲಿಯಾಗಲು ಬೇಕಾದ ಸಮಯಕ್ಕೂ ಲೆಕ್ಕವಿದೆ. ರೆಸಿಸ್ಟರಿನ ಓಮನ್ನೂ ಕೆಪಾಸಿಟರಿನ ಫ್ಯಾರಡನ್ನೂ ಗುಣಿಸಿದರೆ ಸಿಗುವಷ್ಟು ಸೆಕೆಂಡಿನ ಐದು ಪಟ್ಟು ಕಾದರೆ ಶೇಕಡ ಒಂದಕ್ಕಿಂತ ಕಡಿಮೆ ಉಳಿಯುತ್ತದೆ. ಒಂದು ಕಿಲೋ ಓಮಿಗೆ 10,000 ಮೈಕ್ರೋಫ್ಯಾರಡ್ ಆದರೆ 50 ಸೆಕೆಂಡು, 220 ಮೈಕ್ರೋಫ್ಯಾರಡ್ ಆದರೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಎನಿಸುವ ಪದ್ಧತಿ ಬೇಡವೇ ಬೇಡ. ಕರಗಿದ ಲೋಹದ ಹನಿ ಕಣ್ಣಿಗೆ ಹಾರುತ್ತದೆ, ಕೆಪಾಸಿಟರಿಗೂ ಪೆಟ್ಟಾಗುತ್ತದೆ. ಇನ್ನು ಜೇಬಿನ ಟೆಸ್ಟರು. ಅದು ಉರಿಯುವುದು ನಿಮ್ಮ ದೇಹದ ಮೂಲಕ ನೆಲಕ್ಕೆ ಹರಿಯುವ ಅತ್ಯಲ್ಪ ಕರೆಂಟಿನಿಂದ. ನೆಲದ ಸಂಬಂಧವೇ ಇಲ್ಲದೆ ತುಂಬಿ ಕೂತ ಕೆಪಾಸಿಟರಿಗೆ ಅದು ಉರಿಯುವುದಿಲ್ಲ. ಟೆಸ್ಟರ್ ಉರಿಯಲಿಲ್ಲ ಎಂದು ನಂಬಿ ಕೈ ಹಾಕಬಾರದು.

ಸ್ವಿಚ್ಚನ್ನೂ ನಂಬುವಂತಿಲ್ಲ. ಹಳೆಯ ಸೆಟ್ಟುಗಳ ಸ್ವಿಚ್ಚು ಎರಡು ವಯರುಗಳಲ್ಲಿ (ಕರೆಂಟು ತರುವ ಫೇಸು, ಮರಳಿಸುವ ನ್ಯೂಟ್ರಲ್) ಒಂದನ್ನು ಮಾತ್ರ ಕತ್ತರಿಸುವುದು ಸಾಮಾನ್ಯ. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ತಿರುಗಿಸಿ ಹಾಕಿದರೂ ಸಾಕೆಟ್ಟಿಗೆ ಹೋಗುತ್ತದೆ. ತಿರುಗುಮುರುಗಾಗಿ ಹೋದರೆ ಸ್ವಿಚ್ಚು ಕತ್ತರಿಸುವುದು ನ್ಯೂಟ್ರಲನ್ನು. ಫೇಸು ಟ್ರಾನ್ಸ್‌ಫಾರ್ಮರಿನವರೆಗೂ ಹಾಗೆಯೇ ಇರುತ್ತದೆ. ಸೆಟ್ಟು ಸತ್ತಂತೆ ಕಾಣುತ್ತದೆ, ಒಳಗೆ ಫೇಸು ಜೀವಂತ. ಆದ್ದರಿಂದ ಕೆಲಸಕ್ಕೆ ಕೂರುವಾಗ ಪ್ಲಗ್ಗನ್ನು ಕಿತ್ತು ಕಣ್ಣೆದುರಿಗೇ ಮೇಜಿನ ಮೇಲೆ ಇಟ್ಟುಕೊಳ್ಳಬೇಕು.

ಒದ್ದೆ ಚರ್ಮದ ದೇಹದ ತಡೆ ಸಾವಿರ ಓಮಿನ ಆಸುಪಾಸಿಗೆ ಇಳಿಯುತ್ತದೆ. 230 ವೋಲ್ಟಿಗೆ ಅದರಲ್ಲಿ 230 ಮಿಲಿಆಂಪಿಯರ್ ಹರಿಯಬಹುದು. ಸುಮಾರು 10 ಮಿಲಿಆಂಪಿಯರಿಗೇ ಹಿಡಿದ ಕೈ ಬಿಡಿಸಿಕೊಳ್ಳಲು ಆಗದಂತೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಒಂದು ಕೈಯಿಂದ ಎದೆ ದಾಟಿ ಇನ್ನೊಂದು ಕೈಗೆ ಹರಿಯುವ ದಾರಿ ತುಂಬ ಅಪಾಯದ್ದು. ಅಂಗಡಿಯವರ ಎಡಗೈ ಬೆನ್ನ ಹಿಂದೆ ಹೋದದ್ದು ಅದಕ್ಕೇ. ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್ಚು) ಹಾಕಿಸಿರಲೇಬೇಕು, ಅದು ಜೀವ ಉಳಿಸುವ ಸಾಧನ. ಆದರೆ ಅದು ಗಮನಿಸುವುದು ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ಮರಳಿತೇ ಎಂಬುದನ್ನು ಮಾತ್ರ. ತುಂಬಿದ ಕೆಪಾಸಿಟರಿನ ಎರಡು ಕಾಲುಗಳ ನಡುವೆ ನಿಮ್ಮ ಬೆರಳು ಸಿಕ್ಕಿಕೊಂಡರೆ ಅದಕ್ಕೆ ಸುದ್ದಿಯೇ ತಿಳಿಯುವುದಿಲ್ಲ.

ನಮ್ಮ ಕರಾವಳಿಯಲ್ಲಿ ಇದರ ಜೊತೆಗೆ ಉಪ್ಪೂ ಸೇರುತ್ತದೆ. ಕಡಲ ಗಾಳಿಯಲ್ಲಿ ಬಂದ ಉಪ್ಪಿನ ಸೂಕ್ಷ್ಮ ಕಣಗಳು ಧೂಳಿನೊಂದಿಗೆ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರುತ್ತವೆ. ಗಾಳಿಯ ತೇವಾಂಶ ಶೇಕಡ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಆಷಾಢದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವುದನ್ನು ಎಲ್ಲ ಅಡುಗೆಮನೆಯವರೂ ಬಲ್ಲರು. ಬೋರ್ಡಿನ ಮೇಲೆ ನಡೆಯುವುದೂ ಅದೇ ಕ್ರಿಯೆ. ಕರಗಿದ ಉಪ್ಪು ವಿದ್ಯುದ್ವಾಹಕ. ಜನವರಿಯಲ್ಲಿ ಚೆನ್ನಾಗಿ ಹಾಡುವ ಸೆಟ್ಟು ಜುಲೈಯಲ್ಲಿ ಗುಂಯ್ ಎನ್ನುವುದಕ್ಕೆ, ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುವುದಕ್ಕೆ ಇದೊಂದು ಕಾರಣ. ಎರಡು ಪಿನ್ನಿನ ಸೆಟ್ಟುಗಳಲ್ಲಿ ತುಸು ಸೋರುವ ವಿದ್ಯುತ್ತು ಯಾವಾಗಲೂ ಇರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತರೆ ಅದು ತಿಳಿಯುತ್ತದೆ. ಆದರೆ ಮೊದಲಿಗಿಂತ ಜೋರಾಗಿ ಹೊಡೆಯಲು ಶುರುವಾದರೆ ಅಭ್ಯಾಸವಾಯಿತೆಂದು ಬಿಡಬಾರದು, ಆ ದಿನವೇ ಪ್ಲಗ್ ಕಿತ್ತು ಪರೀಕ್ಷಿಸಬೇಕು.

ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದರೆ ಬೋರ್ಡು ಶುಚಿಯಾಗುತ್ತದೆ. ಅದು ಬೆಂಕಿ ಹಿಡಿಯುವ ದ್ರವ, ಪೂರ್ತಿ ಆರುವವರೆಗೆ ಪ್ಲಗ್ಗೂ ಬೇಡ, ಬೆಸುಗೆಯ ಕಬ್ಬಿಣವೂ ಬೇಡ. ವಾಲ್ಯೂಮ್ ಕಂಟ್ರೋಲಿನ ಕರಕರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಬಾಗಿಲ ತಿರುಗಣಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಅಲ್ಲಿಗೆ ಸಲ್ಲದು, ಅದರ ಜಿಡ್ಡಿಗೆ ಧೂಳು ಮತ್ತೆ ಅಂಟುತ್ತದೆ. ಮಳೆಗಾಲದಲ್ಲಿ ಸೆಟ್ಟನ್ನು ಬಟ್ಟೆ ಹೊದಿಸಿ ಮೂಲೆಗೆ ಹಾಕುವುದಕ್ಕಿಂತ ದಿನಾ ಸ್ವಲ್ಪ ಹೊತ್ತು ಹಾಡಿಸುವುದೇ ಲೇಸು. ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಗುಡುಗು ಕೇಳಿದರೆ ಮಾತ್ರ ಪ್ಲಗ್ಗೂ ಆಂಟೆನಾ ವಯರೂ ಎರಡೂ ಕಳಚಿರಬೇಕು.

ಗಲ್ಫ್ ಸೆಟ್ಟುಗಳ ಬೆನ್ನಲ್ಲಿ ವೋಲ್ಟೇಜ್ ಆರಿಸುವ ಒಂದು ಚಿಕ್ಕ ತಿರುಗುಗುಂಡಿ ಇರುತ್ತದೆ: 110, 127, 220, 240. ಕುವೈತ್, ದುಬೈಗಳಲ್ಲಿ ವಿದ್ಯುತ್ತು ಹೆಚ್ಚು ಕಡಿಮೆ ನಮ್ಮಂತೆಯೇ. ಆದರೆ ಸೌದಿ ಅರೇಬಿಯಾದ ಮನೆಗಳಲ್ಲಿ ಆಗ ಇದ್ದದ್ದು 127 ವೋಲ್ಟ್, 60 ಹರ್ಟ್ಸ್. ಆ ಗುಂಡಿ 127ರಲ್ಲೇ ಇದ್ದು ನಮ್ಮ 230 ಕೊಟ್ಟರೆ ಟ್ರಾನ್ಸ್‌ಫಾರ್ಮರಿಗೆ ಸಿಗುವುದು 1.8 ಪಟ್ಟು. ಅದರ ಕಬ್ಬಿಣದ ತಿರುಳು ತಾಳಲಾರದೆ ಕರೆಂಟನ್ನು ಎಳೆಯುತ್ತದೆ, ಫ್ಯೂಸು ಹಾರುತ್ತದೆ. ಹಾರಿದರೆ ಸಂತೋಷ. ಯಾರೋ ಹಿಂದೆ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತಿಟ್ಟಿದ್ದರೆ ಟ್ರಾನ್ಸ್‌ಫಾರ್ಮರೇ ಬೇಯುತ್ತದೆ, ಮನೆಗೂ ಬೆಂಕಿ ಹತ್ತಬಹುದು. ಬದಲಿಸುವ ಫ್ಯೂಸು ಅದೇ ಆಂಪಿಯರಿನದೂ ಅದೇ ಜಾತಿಯದೂ ಆಗಿರಬೇಕು: ‘ಟಿ’ ಎಂದಿದ್ದರೆ ನಿಧಾನದ್ದು, ‘ಎಫ್’ ಎಂದಿದ್ದರೆ ವೇಗದ್ದು. 60 ಹರ್ಟ್ಸಿಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರು 50 ಹರ್ಟ್ಸಿನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಹಣೆಪಟ್ಟಿಯಲ್ಲಿ 50/60 ಎಂದಿದ್ದರೆ ಚಿಂತೆಯಿಲ್ಲ. ಸಿಡಿ ಪ್ಲೇಯರ್ ಇರುವವರಿಗೆ ಒಂದು ಮಾತು: ಅದರ ಲೇಸರ್ 780 ನ್ಯಾನೋಮೀಟರಿನದು, ಕಣ್ಣಿಗೆ ಕಂಡರೂ ಮಂಕು ಕೆಂಪು ಚುಕ್ಕೆಯಷ್ಟೇ. ಮಂಕಾಗಿದೆಯೆಂದು ಬಗ್ಗಿ ಲೆನ್ಸಿನೊಳಗೆ ನೋಡಬಾರದು.

ರಿಪೇರಿಯಾದ ಸೆಟ್ಟಿಗೆ ಮೊದಲ ಸಲ ಕರೆಂಟ್ ಕೊಡುವುದು ಸೀರೀಸ್ ಬೋರ್ಡಿನ ಮೂಲಕ. ನಮ್ಮ ಮೆಕ್ಯಾನಿಕರ ಈ ಅಗ್ಗದ ಸಾಧನದ ಬಗ್ಗೆ ನನಗೆ ತುಂಬ ಗೌರವ. ಸೆಟ್ಟಿನ ಸಾಲಿನಲ್ಲಿ ಒಂದು 60 ಅಥವಾ 100 ವಾಟಿನ ಹಳೆಯ ತಂತಿ ಬಲ್ಬು, ಅಷ್ಟೇ. ತಣ್ಣಗಿರುವಾಗ ಆ ತಂತಿಯ ತಡೆ ಬಿಸಿಯಲ್ಲಿರುವುದರ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಸೆಟ್ಟು ಸರಿಯಿದ್ದರೆ ಕೆಪಾಸಿಟರ್ ತುಂಬುವ ಕ್ಷಣ ಬಲ್ಬು ಝಗ್ಗೆಂದು ಹೊಳೆದು ಮಂಕಾಗುತ್ತದೆ. ಒಳಗೆ ಶಾರ್ಟ್ ಇದ್ದರೆ ತಂತಿ ಕಾದು ತಡೆ ಏರಿ ಬಲ್ಬು ಹೊಳೆಯುತ್ತಲೇ ಉಳಿಯುತ್ತದೆ. 60 ವಾಟಿನ ಬಲ್ಬಾದರೆ ಕಾಲು ಆಂಪಿಯರಿಗಿಂತ ಹೆಚ್ಚೇನೂ ಹರಿಯಲು ಬಿಡುವುದಿಲ್ಲ, ಹೊಸದಾಗಿ ಹಾಕಿದ ಟ್ರಾನ್ಸಿಸ್ಟರು ಉಳಿಯುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಇದು ಕಾಯುವುದು ಸೆಟ್ಟನ್ನು, ಮನುಷ್ಯರನ್ನಲ್ಲ. ಕಾಲು ಆಂಪಿಯರ್ ಜೀವ ತೆಗೆಯಲು ಧಾರಾಳ ಸಾಕು. ಆ ಹೊತ್ತಿನಲ್ಲಿ ಕಾಲಿಗೆ ರಬ್ಬರಿನ ಚಪ್ಪಲಿ, ಪಕ್ಕದಲ್ಲಿ ಮೈನ್ ಸ್ವಿಚ್ ಎಲ್ಲಿದೆಯೆಂದು ಗೊತ್ತಿರುವ ಇನ್ನೊಬ್ಬರು ಇರಬೇಕು.

ಎಸ್‌ಎಂಪಿಎಸ್ಸಿನ ಒಳಗಿನ ಕೆಲಸವನ್ನೂ ವಾಲ್ವ್ ಸೆಟ್ಟುಗಳನ್ನೂ (ಟ್ರಾನ್ಸಿಸ್ಟರಿಗೆ ಮೊದಲಿನ, ಗಾಜಿನ ಕೊಳವೆಗಳವು) ಕೈ ಪಳಗಿದವರಿಗೇ ಬಿಡುವುದು ಸರಿ. ಕೆಲವು ಹಳೆಯ ವಾಲ್ವ್ ರೇಡಿಯೋಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ, ಲೋಹದ ಚೌಕಟ್ಟೇ ಫೇಸಿಗೆ ಸೇರಿರಬಹುದು. ಕ್ಯಾಸೆಟ್ ಡೆಕ್ಕಿನ ಬೆಲ್ಟು ಬದಲಿಸುವುದು, ಅದರ ಹೆಡ್ ಒರೆಸುವುದು, ವಾಲ್ಯೂಮಿನ ಕರಕರ ಬಿಡಿಸುವುದು, ಸ್ಪೀಕರಿನ ಹರಿದ ವಯರಿಗೆ ಬೆಸುಗೆ ಹಾಕುವುದು ಇವೆಲ್ಲ ಮನೆಯಲ್ಲೇ ಕಲಿತು ಮಾಡಬಹುದಾದ ಕೆಲಸಗಳು.

ಬಲ್ಬು ಮಂಕಾದ ತಕ್ಷಣ ಸ್ಪೀಕರ್ ಜೋಡಿಸಿಬಿಡಬೇಡಿ. ಔಟ್‌ಪುಟ್ ಟ್ರಾನ್ಸಿಸ್ಟರು ಕೆಟ್ಟಿದ್ದರೆ ಸ್ಪೀಕರಿನ ಟರ್ಮಿನಲ್ಲಿಗೆ ನೇರವಾಗಿ ಡಿ.ಸಿ. ಬಂದು ವಾಯ್ಸ್ ಕಾಯಿಲ್ (ಸ್ಪೀಕರಿನೊಳಗಿನ ತಂತಿಯ ಸುರುಳಿ) ಸುಡುತ್ತದೆ. ಮೊದಲು ಮಲ್ಟಿಮೀಟರನ್ನು ಡಿ.ಸಿ.ಗೆ ಇಟ್ಟು ಎರಡೂ ಬದಿಯ ಟರ್ಮಿನಲ್ ನೋಡಿ. ಹತ್ತಾರು ಮಿಲಿವೋಲ್ಟಾದರೆ ಸರಿ, ವೋಲ್ಟುಗಟ್ಟಲೆ ಕಂಡರೆ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ ಮತ್ತೆ ಕೂರಿ. ಎಲ್ಲ ಸರಿಯಿದ್ದರೂ ಮೊದಲು ಜೋಡಿಸುವುದು ಕೆಟ್ಟರೂ ಚಿಂತೆಯಿಲ್ಲದ ಯಾವುದಾದರೂ ಸಣ್ಣ ಸ್ಪೀಕರನ್ನು, ವಾಲ್ಯೂಮ್ ಪೂರ್ತಿ ಕೆಳಗಿಟ್ಟು.